ಬಾವಿಕಟ್ಟೆಯ ಮೇಲೆ ಕೂತವನು ಕೇಳಿದ್ದು

ನಗಬೇಡಿ. ದೆವ್ವ ಅಂದರೆ ನಾನೂ ನಗುತ್ತಿದ್ದವನೇ. ಇದು ನಮ್ಮ ದೊಡ್ಡಮ್ಮನ ಮಗ, ಪೇಂಟರ್ ಅಣ್ಣನಿಗೆ ಆದದ್ದು.

ಕೆಲಸ ಮುಗಿಸಿ ಹಾಳುಬಾವಿ ದಾಟಿ ಬರುತ್ತಿದ್ದಾನೆ. ಹಿಂದೆ ಸದ್ದು. ಟಪ್... ಸರ್ರ್... ಟಪ್... ಸರ್ರ್... ಒಂದು ಕಾಲು ಊರಿ ಇನ್ನೊಂದನ್ನು ಎಳೆದ ಹಾಗೆ. ತಿರುಗಿದರೆ ಬಾವಿಕಟ್ಟೆಯ ಮೇಲೆ ಒಬ್ಬ ಕೂತಿದ್ದಾನೆ.

"ಕಾಲು ಹೇಗಿದೆ?" ಪಿಸುದನಿ.

"ಚೆನ್ನಾಗಿದೆ... ನೀವ್ಯಾರು?"

ಅದಕ್ಕೂ ಮುಂಚೆ ಅಣ್ಣ ಏಣಿಯಿಂದ ಬಿದ್ದು ಮಂಡಿಯ ಲಿಗಮೆಂಟ್ ಹರಿದಿತ್ತು ನೋಡಿ. ಸತ್ತವನೊಬ್ಬನ ಕಾಲಿನಿಂದ ತೆಗೆದಿಟ್ಟಿದ್ದನ್ನು ಡಾಕ್ಟರು ಹಾಕಿ ಹೊಲಿದಿದ್ದರು.

"ಅದು ನಂದೇ ಕಣಪ್ಪಾ. ನಂಗೆ ರೋಗ ಇತ್ತು... ನಂಗೂ ಗೊತ್ತಿರ್ಲಿಲ್ಲ. ನೀನು ಯಾರಿಗೂ ಏನೂ ಕೊಟ್ಟಿಲ್ಲ ತಾನೇ?"



ಕೊಟ್ಟಿದ್ದ. ಋಣ ಇಟ್ಟುಕೊಳ್ಳುವ ಆಸಾಮಿಯಲ್ಲ ಅವನು. ಮತ್ತೆ ಏಣಿ ಹತ್ತಿದ ಖುಷಿಗೆ ರಕ್ತದಾನ ಶಿಬಿರಕ್ಕೆ ಹೋಗಿದ್ದ. ಆಪರೇಷನ್ ಆಗಿದೆ ಅಂದರೆ ಬೇಡ ಅಂತಾರೆ ಅಂತ ತುಟಿಪಿಟಕ್ಕೆನ್ನದೆ ತೋಳು ಚಾಚಿದ್ದ.

ಮಾರನೇ ದಿನವೇ ಹೋಗಿ ಪರೀಕ್ಷೆ ಮಾಡಿಸಿದ. ಹೆಪಟೈಟಿಸ್ ಸಿ. ಸತ್ತವನಿಗೆ ಆಗಷ್ಟೇ ಅಂಟಿದ್ದರಿಂದ ಅವನ ರಕ್ತ ನೋಡಿದಾಗ ಸಿಕ್ಕಿರಲಿಲ್ಲವಂತೆ. ಶಿಬಿರದಲ್ಲಿ ಕೊಟ್ಟ ಅಣ್ಣನ ರಕ್ತವೂ ಹಾಗೇ ಪರೀಕ್ಷೆ ದಾಟಿಹೋಗಿತ್ತು. ಯಾರ ಮೈ ಸೇರಿತು ಅಂತ ಅಲೆದಲೆದು ಕೇಳಿದ. ಹೇಳುವವರೇ ಇಲ್ಲ. ಆಗ ಈಗಿನ ಮಾತ್ರೆಗಳೂ ಇರಲಿಲ್ಲ. ಇಂಜೆಕ್ಷನ್ನು ಹಿಡಿಯಲಿಲ್ಲ. ರೋಗ ವರ್ಷಗಟ್ಟಲೆ ಒಳಗೊಳಗೇ ಲಿವರ್ ತಿಂದು ಹಾಕಿತು. ಕೊನೆಗೆ ನೀರು ತುಂಬಿದ ಹೊಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಒಂದೇ ಮಾತು: "ಅವರಿಗೆ ಹೇಳ್ಬೇಕಿತ್ತು ಕಣೋ..."

ಹೋದ.

ಅವನು ಹೋದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆ ಬಾಗಿಲು ಟಕ್ ಟಕ್. ಗುರುತಿಲ್ಲದ ಹೆಂಗಸು. ಕಣ್ಣು ಹಳದಿ, ಹೊಟ್ಟೆ ಅವನದೇ ಥರ.

"ರಾತ್ರಿ ಒಬ್ಬರು ಬಂದಿದ್ರು," ಅಂದಳು. "ನಮ್ಮ ಮೆಟ್ಟಿಲ ಮೇಲೆ ಕೂತು, 'ಹೆರಿಗೇಲಿ ರಕ್ತ ಹಾಕಿಸ್ಕೊಂಡಿದ್ಯಲ್ಲಮ್ಮಾ, ಪರೀಕ್ಷೆ ಮಾಡಿಸು' ಅಂದ್ರು. ಈ ಮನೆ ಗುರುತೂ ಅವರೇ ಹೇಳಿದ್ದು... ಆಗ್ಲೇ ಎಲ್ಲಾ ಮುಗಿದಿದೆ ಅಂತ ಡಾಕ್ಟರು ಹೇಳ್ಬಿಟ್ಟಿದ್ದಾರೆ ಅಂದೆ. ಪಾಪ, ಅತ್ತುಬಿಟ್ರು."

ನಾನು ಅವಳ ಜೊತೆ ಅವಳ ಮನೆತನಕ ಹೋದೆ. ಮೆಟ್ಟಿಲ ಮೇಲೆ ಐದು ಬೆರಳಿನ ಗುರುತು, ನೀಲಿ ಬಣ್ಣದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ನಾನೇ ಮುಟ್ಟಿ ನೋಡಿದೆ. ಬಣ್ಣ ಇನ್ನೂ ಹಸಿಯಾಗಿತ್ತು.