ಎಲೆಯಲ್ಲಿ ಹುಟ್ಟದ ಎಣ್ಣೆ

...ಬೇಡ ಬೇಡ, ಏಳ್ಬೇಡಿ ಪೊಲೋನಿಯಕ್ಕ. ಕೂತಿರಿ, ನಾನೇ ಹಾಕ್ತೀನಿ ನೀರು. ಐಸು ದಾರೀಲಿ ತಗೊಂಡೆ, ಪುದೀನಾನೂ ಜಜ್ಜಿ ಹಾಕಿದೀನಿ. ಮೊದಲನೇದು ನಾನು ಕುಡಿದಾಯ್ತು, ಇದು ನಿಮ್ಮದು. ತಗೊಳ್ಳಿ... ಯಾಕೆ? ಈ ಬಿಸಿಲಲ್ಲಿ ತಣ್ಣನೆ ತೆರೆರೆ ಕುಡಿಯೋಕೆ ಬೇಡ ಅನ್ನೋರು ಪರಗ್ವಾಯಲ್ಲಿ ಯಾರಾದ್ರೂ ಇದಾರಾ? ಸಾಕು ಅಂತಾನಾದ್ರೂ ಅನ್ನಿ. ...ಸರಿ, ನಾನೇ ಕುಡೀತೀನಿ.

ಒಲೆ ಆರಿಬಿಟ್ಟಿದೆ ಅಲ್ವಾ. ಈ ಅಂಗಳದಲ್ಲಿ ಹೊಗೆ ಏಳದೇ ಇರೋದು ನಾನು ನೋಡೇ ಇರ್ಲಿಲ್ಲ. ಭಟ್ಟಿ ಹಂಡೆ ಮೇಲೆ ಕೋಳಿ ಕೂತಿದೆ, ನೋಡಿ! ಹುಶ್! ಹೋಗು! ...ಕಡಿದು ಹಾಕಿದ ಕಹಿಕಿತ್ತಳೆ ಸೊಪ್ಪು ಹಂಗೇ ಹಳದಿ ಆಗ್ತಾ ಬಿದ್ದಿದೆ. ಯಾರು ಇಳಿಸ್ತಾರೆ ಈಗ ಎಣ್ಣೆ? ಲಿಬೋರಿಯೊ ಇಲ್ಲ...

ಹೌದು, ಕೇಳ್ದೆ. ಬಸ್ಸುಗಳಲ್ಲಿ ಚಿಪಾ ರೊಟ್ಟಿ ಮಾರೋಳು ಹೇಳಿದ್ಲು. ಅವನನ್ನ, ಸಾಕಿ ಬೆಳೆಸಿದ ತಂಗಿ ಮಗನ್ನೇ, ಬಟ್ಟೆ ಗಂಟು ಸಮೇತ ಆಚೆ ಹಾಕಿದ್ರಂತೆ ನೀವು. ಬಸ್ ನಿಲ್ದಾಣದ ಹತ್ರ ಪಂಕ್ಚರ್ ಹಾಕೋನ ಶೆಡ್ಡಲ್ಲಿ ಮಲಗ್ತಾನಂತೆ. ಅದಕ್ಕೇ ಬಂದೆ. ಇಲ್ದಿದ್ರೆ... ಬರ್ತಿದ್ದೆ, ಬರ್ತಿದ್ದೆ! ಲಾರಿ ಕೆಲಸ ಅಲ್ವಾ, ಬಿಡುವು ಎಲ್ಲಿ.

ಅವನು ಏನಂದ? 'ಎಣ್ಣೆಗೆ ನಾನೇನೂ ಬೆರೆಸಿಲ್ಲ ದೊಡ್ಡಮ್ಮ' ಅಂದನಾ? ಅತ್ತನಾ? ...ಹೇಳ್ಬೇಡಿ ಬಿಡಿ.

ಲ್ಯಾಬಿನ ಮಿಷಿನ್ನೇ ತಪ್ಪು ಹೇಳಿರಬಹುದು ಅಂತ ನಾನೂ ಅಂದ್ಕೊಂಡಿದ್ದೆ. ಎಣ್ಣೇಲಿ ಬೆರಕೆ ಇದೆ ಅಂತ ನಮ್ಮ ಸರಕು ವಾಪಸ್ ಬಂತಲ್ಲ, ಆಗ ಸಹಕಾರ ಸಂಘದವರು ಅಸುನ್ಸಿಯೋನ್‌ಗೆ ನನ್ನನ್ನೇ ಕಳಿಸಿದ್ರು. 'ತಾಚೋ, ನೀನೇ ತಾನೆ ಪೀಪಾಯಿ ಸಾಗಿಸಿದ್ದು, ನೀನೇ ಹೋಗಿ ಲ್ಯಾಬಲ್ಲಿ ವಿಚಾರಿಸ್ಕೊಂಡು ಬಾ' ಅಂತ. ಅಲ್ಲಿ ಗ್ರಿಸೆಲ್ದಾ ಅಂತ ಒಬ್ಬ ಕೆಮಿಸ್ಟು. ಒಳ್ಳೇ ಹೆಂಗಸು, ಪಕ್ಕದಲ್ಲಿ ಕೂರಿಸಿ ತೋರಿಸಿದ್ಲು. ಒಂದು ತೊಟ್ಟು ಅಕ್ಕ! ತೊಟ್ಟೂ ಅಲ್ಲ, ಸೊಳ್ಳೆಗೂ ಸಾಲಲ್ಲ. ಅದನ್ನ ಕಾಯಿಸಿ ಆವಿ ಮಾಡಿ, ಕೂದಲೆಳೆಯಂಥಾ ಕೊಳವೆ, ಸುತ್ತಿ ಸುತ್ತಿ ಇಟ್ಟಿರ್ತಾರೆ, ಅದರೊಳಗೆ ಓಡಿಸ್ತಾರೆ. ಎಣ್ಣೇಲಿ ಇರೋದೆಲ್ಲ ಒಟ್ಟಿಗೇ ಹೊರಡುತ್ತೆ, ಒಟ್ಟಿಗೆ ತಲುಪಲ್ಲ. ಒಂದು ಬೇಗ ಬರುತ್ತೆ, ಒಂದು ತಡವಾಗಿ, ಅದರದರ ಗಳಿಗೆಗೆ ಅದು. ಹಂಗೆ ಬಂದಿದ್ದನ್ನ ಇನ್ನೊಂದು ಮಿಷಿನ್ನು ಹಿಡಿದು ಒಡೆದು ಚೂರು ಮಾಡುತ್ತೆ, ಚೂರುಗಳನ್ನ ತೂಗುತ್ತೆ. ಆ ತೂಕದಲ್ಲೇ ಹೆಸರು ಸಿಗುತ್ತಂತೆ, ನೀನು ಇಂಥೋನು ಅಂತ. ಪೊಲೀಸರು ಬೆರಳಚ್ಚು ನೋಡಿದ ಹಂಗೆ. ಅಷ್ಟೊಂದು... ಅಷ್ಟೊಂದು ಗೊತ್ತಾಗಿಬಿಡುತ್ತೆ ಅಂತ ಯಾರಿಗೆ ಗೊತ್ತಿತ್ತು?

ಪರದೆ ಮೇಲೆ ಬೆಟ್ಟದ ಸಾಲಿನ ಹಂಗೆ ಗೆರೆ ಬರುತ್ತೆ. ನಿಮ್ಮ ಎಣ್ಣೇದು ಎರಡು ದೊಡ್ಡ ಬೆಟ್ಟ. ಇರಬೇಕಾದ್ದಕ್ಕಿಂತ ದೊಡ್ಡದು. ಅದರ ಪಕ್ಕದಲ್ಲಿ ಒಂದು ಪುಟಾಣಿ ಗುಡ್ಡ, ಗೆದ್ದಲು ಎಬ್ಬಿಸಿದಷ್ಟು. ಆಕೆ ಪೆನ್ನಿನ ತುದಿ ಇಟ್ಟು, 'ಇದು ಯಾವ ಎಲೆಯಲ್ಲೂ ಹುಟ್ಟಲ್ಲ' ಅಂದ್ಲು. 'ಕಾರ್ಖಾನೇಲಿ ವಾಸನೆ ತಯಾರು ಮಾಡೋವಾಗ ಜೊತೇಲಿ ಹುಟ್ಟೋ ಕೊಸರು ಇದು. ಯಾರೋ ಬೆರೆಸಿದಾರೆ.' ನಾನು ನಕ್ಕೆ. ಯಾಕೆ ನಕ್ಕೆನೋ ಏನೋ. ಆದ್ರೂ ನಿಮ್ಮ ಪರವಾಗೇ ಮಾತಾಡ್ದೆ! 'ಅಲ್ಲ ಮೇಡಂ, ಆಕೆಗೆ ಮೊಣಕಾಲು ಬರಲ್ಲ, ಬಿಳೀ ಕ್ಯಾನು ಹಿಡ್ಕೊಂಡು ಸಾಬೂನು ಸಾಮಾನಿನ ಅಂಗಡಿಗೆಲ್ಲ ಎಲ್ಲಿ ಅಲೀತಾಳೆ' ಅಂದೆ.

...ಏನು?

ಯಾವ ಕ್ಯಾನು ಅಂದ್ರೆ... ಹೀಗೇ, ಮಾತಿಗೆ ಬಂತು. ಇಂಥದ್ದೆಲ್ಲ ಕ್ಯಾನಲ್ಲೇ ಅಲ್ವಾ ಮಾರೋದು? ಬಿಳೀದೋ, ನೀಲೀದೋ. ಹಂಗೆ ನೋಡ್ಬೇಡಿ ಅಕ್ಕ.

ಸಭೆ ವಿಷಯ ಹೇಳ್ತೀನಿ, ಕೇಳಿ. ನೀವು ಬರಲಿಲ್ಲ, ಬರದೇ ಇದ್ದದ್ದೇ ಒಳ್ಳೇದಾಯ್ತು. ಸಂಘದಿಂದ ನಿಮ್ಮ ಹೆಸರು ತೆಗೀಬೇಕು ಅನ್ನೋರು ಕೈ ಎತ್ತಿ ಅಂದ್ರು. ಎಲ್ಲರೂ ಎತ್ತಿದ್ರು. ನಾನು ಹಿಂದೆ ಕಂಬದ ಹತ್ರ ಕೂತಿದ್ದೆ. ...ಎತ್ತಿದೆ. ಎಲ್ಲರೂ ಎತ್ತಿ ನಾನೊಬ್ಬನೇ ಎತ್ತದೇ ಇದ್ರೆ ಜನ ತಿರುಗಿ ನೋಡಲ್ವಾ? ಅಧ್ಯಕ್ಷರಿಗೂ ಸಂಕಟವೇ. 'ಪೊಲೋನಿಯಾ ಇಂಥದ್ದು ಮಾಡೋಳಲ್ಲ, ಆ ಮನೇಲಿ ಬೇರೆ ಯಾರಿದಾರೆ?' ಅಂತ ಕೇಳಿದ್ರು. ಆಗ ಯಾರೋ ಅಂದ್ರು, ಆ ತಂಗಿ ಮಗ ಇದಾನಲ್ಲ, ಅವನಿಗೆ ಮೋಟರ್‌ಸೈಕಲ್ ಎಲ್ಲಿಂದ ಬಂತು ಅಂತ. ಯಾರು ಅಂದಿದ್ದು ಗೊತ್ತಾಗ್ಲಿಲ್ಲ. ಗದ್ದಲ. ಆ ಮಾತೇ ತಾನೆ ನಿಮ್ಮ ಕಿವಿಗೆ ಬಿದ್ದಿದ್ದು? ಅದಕ್ಕೇ ತಾನೆ ಅವನನ್ನ...

ಅವನಲ್ಲ ಅಕ್ಕ. ಅವನನ್ನ ಮನೆಗೆ ಕರೀರಿ. ಅಷ್ಟು ಹೇಳೋಕೇ ಬಂದೆ. ನನಗೆ ಹೇಗೆ ಗೊತ್ತು ಅಂತ ಕೇಳ್ಬೇಡಿ, ಗೊತ್ತು.

...ಒಂದು ಮಾತಾಡಬಾರದಾ?

ಬ್ರೇಕು ಹಾಕಿದೆ. ಅಷ್ಟೇ ನಾನು ಮಾಡಿದ್ದು! ತಪೆರಾ ಹಳ್ಳದ ಸೇತುವೆ ಮೇಲೆ ಹೋರಿ ಅಡ್ಡ ಬಂತು, ಬ್ರೇಕು ಹಾಕಿದೆ. ನಿಮ್ಮ ಎಣ್ಣೆ ಪೀಪಾಯಿಗೆ ಹಗ್ಗ ಕಟ್ಟಿರ್ಲಿಲ್ಲ. ಕಟ್ಟು ಅಂತ ನೀವು ಅಂದಿದ್ರಿ. ಲಿಬೋರಿಯೊ ಹಗ್ಗ ತಂದು ಕೈಗೇ ಕೊಟ್ಟ. 'ಹೋಗಯ್ಯಾ, ನಾನೇನು ನಿನ್ನೆ ಮೊನ್ನೆ ಲಾರಿ ಹತ್ತಿದೋನಾ' ಅಂದೆ. ದಢ್ ಅಂತು ಹಿಂದೆ. ಇಳಿದು ನೋಡಿದ್ರೆ ಮುಚ್ಚಳ ಹಾರಿಹೋಗಿದೆ, ಎಣ್ಣೆ ಹಲಗೆ ಸಂದೀಲಿ ಇಳಿದು ಕೆಂಪು ಮಣ್ಣಿಗೆ ಸೇರ್ತಾ ಇದೆ. ಅಂಗೈ ಒಡ್ಡಿದೆ ಅಕ್ಕ! ಹುಚ್ಚನ ಹಂಗೆ ಅಂಗೈ ಒಡ್ಡಿ ಹಿಡಿಯೋಕೆ ನೋಡ್ದೆ. ಎಂಥಾ ವಾಸನೆ... ಇಡೀ ಹಳ್ಳವೇ ಹೂಬಿಟ್ಟ ಹಂಗೆ. ಅರ್ಧ ಪೀಪಾಯಿ ಹೋಯ್ತು. ನೀವಿಬ್ಬರೂ ಹೊಗೇಲಿ ಕಣ್ಣು ಕೆಂಪು ಮಾಡ್ಕೊಂಡು ಇಳಿಸಿದ್ದು.

ತಿರುಗಿಸ್ಕೊಂಡು ಇಲ್ಲಿಗೇ ಬರಬಹುದಿತ್ತು. ನೀವು ಬೈದು, ಆಮೇಲೆ ಊಟಕ್ಕೆ ಹಾಕ್ತಿದ್ರಿ. ಗೊತ್ತು ನನಗೆ. ದೀಕ್ಷಾಸ್ನಾನದ ದಿನ ನನ್ನ ಮಗಳನ್ನ ಇಗರ್ಜಿಯಲ್ಲಿ ಎತ್ಕೊಂಡು ನಿಂತ ಧರ್ಮತಾಯಿ ನೀವು. ಆದ್ರೆ ಸಂಘದವರು ಮುಂಚೇನೇ ಹೇಳಿದ್ರು, ಇನ್ನೊಂದು ಸಲ ಸರಕು ಚೆಲ್ಲಿದ್ರೆ ಲಾರಿ ಕೀ ಇಟ್ಟು ಮನೆಗೆ ಹೋಗು ಅಂತ. ಲಾರಿ ಇಲ್ದೇ ನಾನು ಯಾರು ಅಕ್ಕ? ಅಸುನ್ಸಿಯೋನಲ್ಲಿ ಆ ಸಾಬೂನು ಸಾಮಾನಿನ ಅಂಗಡಿಯವನು ಬಿಳೀ ಕ್ಯಾನುಗಳನ್ನ ಮುಂದಿಟ್ಟು ಅಂದ, 'ಎಲೇಲಿ ಇರೋದೂ ಇದೇ, ಇದರಲ್ಲಿ ಇರೋದೂ ಅದೇ, ಹೆಸರೂ ಒಂದೇ.' ಮೂಸಿ ನೋಡ್ದೆ. ನನ್ನ ಮೂಗಿಗೆ ಒಂದೇ ಅನ್ನಿಸ್ತು. ಸುರಿದೆ. ಪೀಪಾಯಿ ತುಂಬ್ತು. ಅಕ್ಕನಿಗೂ ನಷ್ಟ ಇಲ್ಲ, ನನಗೂ ಇಲ್ಲ ಅಂದ್ಕೊಂಡು ಸೀಟಿ ಹಾಕ್ತಾ ಓಡಿಸ್ದೆ ಆವತ್ತು. ಸೀಟಿ!

ಆಯ್ತು, ಹೇಳಿಬಿಟ್ಟೆ. ಬೈಯಿರಿ ಈಗ. ಆ ಸೌದೆ ತಗೊಂಡು ಹೊಡೀರಿ. ನಾನು ಕದ್ದಿಲ್ಲ ಅಕ್ಕ, ಹೆದರಿದೆ ಅಷ್ಟೇ... ಎಲ್ಲಿಗೆ? ಒಳಗೆ ಯಾಕೆ ಹೋಗ್ತೀರಿ? ಅಕ್ಕ! ಬಾಗಿಲು ಹಾಕ್ಕೋಬೇಡಿ...

ಇದೇನು, ಶೂ ಹಾಕ್ಕೊಂಡು, ಶಾಲು ಹೊದ್ಕೊಂಡು ಬಂದ್ರಿ. ಎಲ್ಲಿಗೆ ಹೊರಟ್ರಿ? ...ನನ್ನ ಲಾರಿಗಾ? ಇರಿ ಇರಿ, ಮೆಟ್ಟಿಲು ಎತ್ತರ ಇದೆ, ಕೈ ಕೊಡ್ತೀನಿ. ...ಬೇಡ್ವಾ. ಸರಿ.

ಸಂಘಕ್ಕೆ ತಾನೆ? ಬರ್ತೀನಿ, ಅಧ್ಯಕ್ಷರ ಎದುರಿಗೇ ಹೇಳ್ತೀನಿ. ಆ ಕೆಮಿಸ್ಟ್ ಹತ್ರ ಬೇಕಾದ್ರೂ ಹೇಳ್ತೀನಿ. ಕೀ ಮೇಜಿನ ಮೇಲೆ ಇಟ್ಟುಬಿಡ್ತೀನಿ. ಎಡಕ್ಕೆ ತಿರುಗಿಸಿದ್ರೆ ಸಂಘ... ಯಾಕೆ ತಲೆ ಆಡಿಸ್ತೀರಿ? ಬಲಕ್ಕಾ? ಬಲಕ್ಕೆ ಬಸ್ ನಿಲ್ದಾಣ ಅಲ್ವಾ ಇರೋದು...

ಬೇಡ ಅಕ್ಕ. ಮೊದಲು ಸಂಘಕ್ಕೆ ಹೋಗೋಣ. ಲಿಬೋರಿಯೊ ಹತ್ರ ನೀವೇ ಹೋಗಿ ಕರ್ಕೊಂಡು ಬನ್ನಿ, ನಾನು ಲಾರೀಲಿ ಕೂತಿರ್ತೀನಿ. ನೀವು ಕರೆದ್ರೆ ಸಾಕು, ಓಡಿ ಬರ್ತಾನೆ. ನಾನು ಯಾಕೆ ಮಧ್ಯದಲ್ಲಿ... ಅಧ್ಯಕ್ಷರ ಮುಂದೆ ನಿಲ್ತೀನಿ ಅಂದ್ನಲ್ಲ! ಊರೆಲ್ಲರ ಮುಂದೆ ನಿಲ್ತೀನಿ! ಅವನ ಮುಂದೆ ಮಾತ್ರ...

...

ಕಣ್ಣು ಆಚೆ ತೆಗೀರಿ ಅಕ್ಕ.

...

ಗದ್ದಲ ಇರ್ಲಿಲ್ಲ. ಸಭೇಲಿ ಗದ್ದಲಾನೇ ಇರ್ಲಿಲ್ಲ. ಅಧ್ಯಕ್ಷರು ಕೇಳಿದಾಗ ಒಬ್ಬರೂ ಬಾಯಿ ಬಿಡ್ಲಿಲ್ಲ, ಫ್ಯಾನು ತಿರುಗೋದು ಕೇಳಿಸ್ತಿತ್ತು. ಎಲ್ಲರೂ ನನ್ನ ಕಡೆ ತಿರುಗ್ತಾರೆ ಅನ್ನಿಸ್ತು. ಈಗ ಕೇಳ್ತಾರೆ, ಸಾಗಿಸಿದೋನು ಯಾರು ಅಂತ ಈಗ ಕೇಳ್ತಾರೆ... ಆ ಮೋಟರ್‌ಸೈಕಲ್ ಅವನು ಗುಜರಿಯಿಂದ ಎತ್ತಿ ತಂದು ತುಂಡು ತುಂಡು ಜೋಡಿಸಿ ಕಟ್ಟಿದ್ದು. ನನಗೆ ಗೊತ್ತಿತ್ತು. ಬಣ್ಣ ಹೊಡೆಯೋವಾಗ ನಾನೂ ಬ್ರಷ್ ಹಿಡಿದಿದ್ದೆ. ಆದ್ರೂ ಎಲ್ಲಿಂದ ಬಂತು ಅನ್ನೋ ಆ ಮಾತು ಅಂದಿದ್ದು ನಾನೇ ಅಕ್ಕ. ನಾನೇ.

...ಬಾಗಿಲು ಗಟ್ಟಿಯಾಗಿ ಎಳ್ಕೊಳ್ಳಿ. ಬಲಕ್ಕೇ ಹೋಗ್ತೀನಿ.