ಮಂಚದ ತುದಿಯ ದೆವ್ವ

ಎದ್ದು ಬೇರೆ ಬೆಂಚಿಗೆ ಹೋಗಲೇ? ಹೋದರೆ ಇಷ್ಟು ಹೊತ್ತು ಕೇಳಿಸಿಕೊಂಡದ್ದು ಗೊತ್ತಾಗುತ್ತದೆ. ಕೂತೇ ಇದ್ದೆ. ಮನೋವೈದ್ಯರ ಬಾಗಿಲೆದುರು ನನ್ನ ಪಕ್ಕದಲ್ಲಿ ಒಬ್ಬ ಎಲೆಕ್ಟ್ರಿಷಿಯನ್, ಅವನ ಆಚೆ ಅವನ ಅಕ್ಕ. ಅವಳ ತೊಡೆಯ ಮೇಲೊಂದು ದೆವ್ವದ ಕಾದಂಬರಿ.

“ಇದನ್ನ ಓದೇ ನಿನ್ನ ತಲೆ ಕೆಟ್ಟಿದೆ ಅಂತ ಹೊಲಿಗೆ ಮಿಷಿನ್ ಡ್ರಾಯರಲ್ಲಿ ಬಚ್ಚಿಟ್ಟಿದ್ದೆ ಕಣೋ.”

“ಮತ್ತೆ ನೀನ್ಯಾಕೆ ಓದಿದೆ? ಹಲ್ಲಿ ಕಂಡ್ರೆ ಹೌಹಾರೋಳು.”

“ಮನಸ್ಸು ತಡೀಲಿಲ್ಲ. ಈ ದೆವ್ವ ಕಿರುಚೋದೇ ಇಲ್ವಲ್ಲೋ. ಬೆಳಿಗ್ಗೆ ಮಂಚದ ತುದೀಲಿ ಕೂತು, ‘ಎದ್ದು ಏನ್ ಮಾಡ್ತೀಯ, ಮಲಗು’ ಅನ್ನುತ್ತೆ, ಅಷ್ಟೇ.”

“ಅದೂ ಎಷ್ಟು ಪ್ರೀತಿಯಿಂದ ಅನ್ನುತ್ತೆ ನೋಡು. ಬರೆದವಳ ಕೈಗೆ ಚಿನ್ನದ ಬಳೆ ತೊಡಿಸಬೇಕು, ಅಕ್ಕ.”

“ತೊಡಿಸೋಣ. ನಿನ್ನ ಮಂಚದಲ್ಲೂ ಕೂತಿದೆಯೇನೋ?”

ಅವನು ಪುಸ್ತಕ ತೆಗೆದುಕೊಂಡು, ಅಂಚು ಮಡಚಿದ್ದ ಪುಟವೊಂದನ್ನು ತೆರೆದ.

“ಇಲ್ಲಿಂದ ಇಲ್ಲೀವರೆಗೆ ಡಾಕ್ಟರಿಗೆ ನೀನೇ ಓದಿ ಹೇಳ್ತೀಯಾ?”

“ಓದ್ತೀನಿ. ತಡವರಿಸಿದ್ರೆ ನಗಬಾರದು.”

“ನಗಲ್ಲ.”

ಅವರ ಸರದಿ ಬಂತು. ಅಕ್ಕ ಪುಟದ ನಡುವೆ ಬೆರಳಿಟ್ಟುಕೊಂಡು ಎದ್ದಳು, ಅವನು ಹಿಂದೆಯೇ ಹೋದ. ‘ನನಗೆ ಹುಷಾರಿಲ್ಲ’ ಎಂದು ಅವನು ಒಮ್ಮೆಯೂ ಹೇಳಲಿಲ್ಲ.