ಒಂದನೇ ಬೂತಿನ ಲೈನು ಕಡಿಯದೆ ಉಳಿದ ಬಗ್ಗೆ

ನನ್ನ ಹೆಸರು ದಾಖಲೆಯ ಮೊದಲ ಹಾಳೆಯಲ್ಲಿ ಬರೆದಿರುವಂತೆ. ಬೀದಿಯಲ್ಲಿ ಎಲ್ಲರೂ ಕರೆಯುವುದು ಫೋನಕ್ಕ ಎಂದು. ವಯಸ್ಸು 53 ವರ್ಷ. ಉದ್ಯೋಗ, ಹೊರದೇಶಗಳಿಗೆ ಫೋನ್ ಕರೆ ಮಾಡಿಕೊಡುವ ಅಂಗಡಿ. ವಾಸ, ರೈಲು ಹಳಿಯ ಗೋಡೆಗೆ ಎದುರಿನ ಬೀದಿಯಲ್ಲಿ, ಅದೇ ಅಂಗಡಿಯ ಮೇಲಿನ ಮಹಡಿ. ಈ ದಿನ ಠಾಣೆಗೆ ನಾನಾಗಿಯೇ ಬಂದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುವುದೇನೆಂದರೆ:

ನನ್ನ ಅಂಗಡಿ 12 ಅಡಿ ಉದ್ದ, 8 ಅಡಿ ಅಗಲ ಇದೆ. ಎಡಗಡೆ ಗಾಜಿನ ಬಾಗಿಲಿನ ಎರಡು ಬೂತುಗಳಿವೆ. ಮೂರನೇ ಫೋನು ನನ್ನ ಮೇಜಿನ ಮೇಲಿದೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬರುವವರು ಕಡಿಮೆಯಾಗಿದ್ದಾರೆ. ಆದರೂ ಕೋಡ್ ಒತ್ತಿದ ಮೇಲೆ ಸೊನ್ನೆ ಇಡಬೇಕೋ ಬಿಡಬೇಕೋ ತಿಳಿಯದ ವಯಸ್ಸಾದವರು, ಮನೆಯವರ ಕಿವಿ ತಪ್ಪಿಸಿ ಮಾತಾಡಬೇಕಾದವರು ಇನ್ನೂ ನನ್ನಲ್ಲಿಗೇ ಬರುತ್ತಾರೆ.

ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುವ ಹೆಂಗಸೊಬ್ಬಳು ಎರಡು ವರ್ಷದಿಂದ ಮಂಗಳವಾರ ಮತ್ತು ಶುಕ್ರವಾರ ಊಟದ ಬಿಡುವಿನಲ್ಲಿ ನನ್ನಲ್ಲಿಗೆ ಬರುತ್ತಾಳೆ. ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಾರೆ. ಅವಳು ಫೋನ್ ಮಾಡುವುದು ಮದುವೆಯಾಗಿ ಹೊರದೇಶಕ್ಕೆ ಹೋದ ತಂಗಿಗೆ. ತಂಗಿಯ ಗಂಡ ಅಲ್ಲಿ ಉಗ್ರಾಣದಲ್ಲಿ ಕೆಲಸಕ್ಕಿದ್ದಾನೆ. ಹೋಗುವಾಗ ಹೊರಗಿನಿಂದ ಬೀಗ ಹಾಕಿ, ಹೆಂಡತಿಯ ಮೊಬೈಲನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತಿದ್ದ. ಆ ಮನೆಯಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಹಳೆಯ ಫೋನೊಂದಿತ್ತು. ಅದರಿಂದ ಕರೆ ಹೋಗುತ್ತಿರಲಿಲ್ಲ, ಆದರೆ ಬರುತ್ತಿತ್ತು. ಕೆಟ್ಟಿದೆ ಎಂದುಕೊಂಡು ಅವನು ಅದನ್ನು ಮಂಚದ ಕೆಳಗೆ ತಳ್ಳಿದ್ದ. ಬರುತ್ತದೆ ಎಂಬುದು ಅಕ್ಕತಂಗಿಯರಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ತಂಗಿಯ ಗಂಡನ ಅಣ್ಣ ಇದೇ ಊರಿನವನು. ನನ್ನ ಅಂಗಡಿಯಿಂದ ಸುಮಾರು 400 ಮೀಟರ್ ದೂರದಲ್ಲಿ ಟೈರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಈ ಹಿಂದೆ ಎರಡು ಸಲ ಕಾಜಾಳನ್ನು ದಾರಿಯಲ್ಲಿ ತಡೆದು, ತನ್ನ ತಮ್ಮನ ಸಂಸಾರದಲ್ಲಿ ತಲೆ ಹಾಕಿದರೆ ಕಾಲು ಮುರಿಯುವುದಾಗಿ ಹೇಳಿದ್ದನು. ಎರಡನೇ ಸಲ ನಾನೂ ಅಲ್ಲಿದ್ದೆ.

ಮೊನ್ನೆ ಮಂಗಳವಾರ ಮಧ್ಯಾಹ್ನ 2.04ಕ್ಕೆ ಕಾಜಾ ಬಂದಳು. ಒಂದನೇ ಬೂತಿನಲ್ಲಿ ಕೂರಿಸಿ 2.06ಕ್ಕೆ ನಾನೇ ನಂಬರ್ ಒತ್ತಿಕೊಟ್ಟೆ. ಆಗ ಆ ದೇಶದಲ್ಲಿ ಬೆಳಗ್ಗೆ ಒಂಬತ್ತೂವರೆ ದಾಟಿರುತ್ತದೆ. ತಂಗಿ ಎತ್ತಿಕೊಂಡಳು. ಕಾಜಾ ನಗುತ್ತಿದ್ದದ್ದು ಗಾಜಿನಲ್ಲಿ ಕಾಣಿಸುತ್ತಿತ್ತು.

2.13ಕ್ಕೆ ಅವಳು ಅಂಗೈಯಿಂದ ಗಾಜು ಬಡಿದಳು. ನಾನು ಬಾಗಿಲು ತೆರೆದಾಗ ರಿಸೀವರಿನ ಮಾತಾಡುವ ಕಡೆಯನ್ನು ಕೈಯಲ್ಲಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. "ಅಕ್ಕಾ, ಬಂದ್ಬಿಟ್ಟ. ಬೇಗ ಬಂದ್ಬಿಟ್ಟ" ಎಂದಷ್ಟೇ ಹೇಳಿ ರಿಸೀವರನ್ನು ನನ್ನ ಕಿವಿಗೂ ತನ್ನ ಕಿವಿಗೂ ನಡುವೆ ಹಿಡಿದಳು.

ನನಗೆ ಕೇಳಿಸಿದ್ದು ಇಷ್ಟು. ಗಂಡಸೊಬ್ಬ, ಯಾರ ಜೊತೆ ಮಾತಾಡುತ್ತಿದ್ದೆ, ಬಾಗಿಲ ಹೊರಗಿನಿಂದ ಕೇಳಿಸಿಕೊಂಡಿದ್ದೇನೆ, ಫೋನ್ ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಕೇಳುತ್ತಿದ್ದನು. ಅವಳು ಕಳ್ಳತನದಲ್ಲಿ ಇನ್ನೊಂದು ಮೊಬೈಲ್ ಇಟ್ಟುಕೊಂಡಿದ್ದಾಳೆ ಎಂದು ಅವನು ತಿಳಿದಿದ್ದನು. ತಂಗಿ ಹಳೆಯ ಫೋನಿನ ರಿಸೀವರನ್ನು ಲೈನು ಕಡಿಯದೆ ಹಾಗೆಯೇ ಮಂಚದ ಕೆಳಗೆ ಸರಿಸಿದ್ದಳು. ಪ್ರತಿ ಸಲ "ಫೋನೆಲ್ಲಿ, ತೆಗಿ" ಎಂದ ಮೇಲೆ ಒಂದು ಹೊಡೆತ ಕೇಳಿಸುತ್ತಿತ್ತು. ಮೊದಲು ಕೈಯಿಂದ ಹೊಡೆದ ಶಬ್ದ. ಆಮೇಲಿನದು ಬೆಲ್ಟಿನದು. ಆಮೇಲೆ ತಲೆಯನ್ನು ಗೋಡೆಗೋ ಬಾಗಿಲಿಗೋ ಬಡಿದ ಶಬ್ದ, ಅದು ಮರದ ಹಲಗೆಯ ಮೇಲೆ ತೆಂಗಿನಕಾಯಿ ಬಿದ್ದ ಹಾಗಿತ್ತು. ತಂಗಿ ಅಮ್ಮಾ ಎಂದು ಕೂಗಿದಳೇ ಹೊರತು ಫೋನ್ ಎಲ್ಲಿದೆ ಎಂದು ಹೇಳಲಿಲ್ಲ.

ನಾನು 2.15ಕ್ಕೆ ಎರಡನೇ ಬೂತಿಗೆ ಹೋಗಿ ಆ ದೇಶದ ಪೊಲೀಸರ ಮೂರಂಕಿಯ ನಂಬರಿಗೆ ಕೋಡ್ ಸೇರಿಸಿ ಒತ್ತಿದೆ. ಇಂಥ ನಂಬರ್ ಇಲ್ಲ ಎಂಬ ಧ್ವನಿ ಬಂತು. ಮೂರಂಕಿಯ ನಂಬರುಗಳು ಆಯಾ ದೇಶದೊಳಗೆ ಮಾತ್ರ ನಡೆಯುತ್ತವೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುವ ನನಗೆ ಅದು ಗೊತ್ತಿತ್ತು. ಆ ಗಳಿಗೆಯಲ್ಲಿ ತೋಚಲಿಲ್ಲ. ಹೊರದೇಶದ ನಂಬರ್ ವಿಚಾರಣೆಗೆ ಫೋನ್ ಮಾಡಿದೆ. ಸಾಲಿನಲ್ಲಿ ಕಾಯಿರಿ ಎಂದು ಹೇಳಿ ಸಂಗೀತ ಹಾಕಿದರು. ಈ ಕಿವಿಯಲ್ಲಿ ಪಿಟೀಲು, ಪಕ್ಕದ ಬೂತಿನಲ್ಲಿ ಕಾಜಾ ರಿಸೀವರ್ ಮುಚ್ಚಿಕೊಂಡು ತನ್ನ ಸೆರಗನ್ನು ಕಚ್ಚುತ್ತಿದ್ದಳು. 2.18ಕ್ಕೆ ನಾನು ಅದನ್ನು ಇಟ್ಟೆ.

ಗಿರಾಕಿಗಳು ಯಾವ ನಂಬರಿಗೆ ಮಾತಾಡುತ್ತಾರೆ ಎಂಬುದನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತೇನೆ. ಅದರಲ್ಲಿ ಅದೇ ಊರಿನ ಕೋಡ್ ಇರುವ ಇನ್ನೊಂದು ನಂಬರ್ ಹುಡುಕಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಅಜ್ಜಿಯೊಬ್ಬರು ಭಾನುವಾರಗಳಂದು ತಮ್ಮ ಮಗನಿಗೆ ಮಾಡುವ ನಂಬರ್ ಸಿಕ್ಕಿತು. ಮಗ ಅಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಮೇಜಿನ ಫೋನಿನಿಂದ ಮಾಡಿದೆ, 2.20ಕ್ಕೆ ಅವನು ಎತ್ತಿಕೊಂಡನು. ಕೆಲಸದ ದಿನ ಈ ಅಂಗಡಿಯಿಂದ ಕರೆ ಬಂದದ್ದು ನೋಡಿ, ನಾನು ಬಾಯಿ ತೆರೆಯುವ ಮೊದಲೇ "ಅಮ್ಮ ಹೋಗ್ಬಿಟ್ಳಾ?" ಎಂದು ಕೇಳಿದನು. ಅಮ್ಮ ಗುಂಡುಕಲ್ಲಿನ ಹಾಗಿದ್ದಾರೆ, ಈಗ ಬೇರೆಯವರ ಮಗಳು ಸಾಯುತ್ತಿದ್ದಾಳೆ, ನಿಮ್ಮೂರಿನಲ್ಲೇ, ಪೊಲೀಸರನ್ನು ಕಳಿಸಬೇಕು ಎಂದು ಹೇಳಿದೆ. ಅವನು "ತಡೀರಿ ಅಕ್ಕಾ, ಬಸ್ಸು ಪಕ್ಕಕ್ಕೆ ಹಾಕ್ತೀನಿ" ಎಂದನು.

ವಿಳಾಸ ಕಾಜಾಳಿಗೆ ಬಾಯಿಪಾಠವಾಗಿತ್ತು. ತಂಗಿಗೆ ಸ್ವೆಟರ್ ಕಳಿಸುವಾಗ ಪಾರ್ಸಲ್ ಮೇಲೆ ಬರೆದು ಬರೆದು ಬಂದಿತ್ತು. ಆದರೆ ಬೀದಿಯ ಹೆಸರನ್ನು ಉಚ್ಚರಿಸಲು ಅವಳಿಗೆ ಬಾರದು, ನನಗೂ ಬಾರದು. ಅವಳು ಬೂತಿನ ಗಾಜಿನ ಮೇಲೆ ಬಾಯಿಯ ಹಬೆ ಬಿಟ್ಟು ಬೆರಳಿನಿಂದ ಒಂದೊಂದೇ ಅಕ್ಷರ ಬರೆದಳು. ನಾನು ಓದಿ ಹೇಳಿದೆ. ಹತ್ತೊಂಬತ್ತು ಅಕ್ಷರ, ಮನೆ ನಂಬರ್, ನಾಲ್ಕನೇ ಮಹಡಿ. ಒಳಗಿನಿಂದ ಬರೆದದ್ದು ನನಗೆ ತಿರುಗುಮುರುಗಾಗಿ ಕಾಣುತ್ತಿದ್ದರಿಂದ ಎರಡು ಕಡೆ ತಪ್ಪಿ, ಮತ್ತೆ ಹೇಳಿದೆ. ಅವನು ಬಸ್ಸಿನ ವೈರ್‌ಲೆಸ್ಸಿನಲ್ಲಿ ತನ್ನ ಕಂಟ್ರೋಲ್ ರೂಮಿಗೆ ಹೇಳಿ ಪೊಲೀಸರಿಗೆ ತಿಳಿಸುವುದಾಗಿ ಹೇಳಿ 2.24ಕ್ಕೆ ಇಟ್ಟನು.

2.25ಕ್ಕೆ ಕಾಜಾ ನನ್ನನ್ನು ಕರೆದಳು. ಆ ಕಡೆ ಗಂಡನು ತನ್ನ ಮೊಬೈಲಿನಿಂದ ಅಣ್ಣನಿಗೆ ಫೋನ್ ಮಾಡುತ್ತಿದ್ದನು. ಇವಳು ಯಾರ ಹತ್ತಿರವೋ ಮಾತಾಡುತ್ತಿದ್ದಳು, ಅವಳಕ್ಕನೇ ಇರಬೇಕು, ಆ ಫೋನ್ ಅಂಗಡಿಯಲ್ಲಿದ್ದಾಳಾ ನೋಡು, ಇದ್ದರೆ ಅಲ್ಲೇ ವಿಚಾರಿಸಿಕೋ ಎಂದು ಹೇಳುತ್ತಿದ್ದದ್ದು ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. ಎಷ್ಟೋ ಸಾವಿರ ಮೈಲಿ ಆಚೆ ಹೇಳಿದ ಮಾತು, 400 ಮೀಟರ್ ಆಚೆ ಇದ್ದವನಿಗೂ ನಮಗೂ ಒಟ್ಟಿಗೇ ತಲುಪಿತು.

ಮೇಲಿನ ಮಹಡಿಗೆ ಹೋಗಿ ಬಾಗಿಲು ಹಾಕಿಕೊ ಎಂದು ನಾನು ಕಾಜಾಳಿಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿ, "ನಾನಿಟ್ರೆ ಅವಳೊಬ್ಳೇ ಆಗ್ತಾಳೆ ಅಕ್ಕಾ" ಎಂದಳು. ನಾನು ಶಟರ್ ಎಳೆಯಲು ಹೋದೆ. ಅದು ಸೊಂಟದ ಎತ್ತರಕ್ಕೆ ಬಂದು ಸಿಕ್ಕಿಕೊಂಡಿತು. ಠಾಣೆಗೆ ಫೋನ್ ಮಾಡಿದಾಗ 2.28. ಕಳಿಸುತ್ತೇವೆ ಎಂದರು.

2.30ಕ್ಕೆ ಟೈರ್ ಅಂಗಡಿಯವನು ಶಟರ್ ಅಡಿಯಿಂದ ಬಗ್ಗಿ ಒಳಗೆ ಬಂದನು. ಬಲಗೈಯಲ್ಲಿ ಟೈರ್ ಬಿಚ್ಚುವ ಸಲಾಕೆ ಇತ್ತು, ಎರಡು ಅಡಿಯದು. ನಾನು ಅಡ್ಡ ನಿಂತು, ಅಂಗಡಿ ಮುಚ್ಚಿದೆ, ನಾಳೆ ಬಾ ಎಂದೆ. ಅವನು ಎಡಗೈಯಿಂದ ನನ್ನ ಮುಖ ಹಿಡಿದು ಮೇಜಿನ ಮೇಲೆ ತಳ್ಳಿದನು. ನನ್ನ ಕೆಳಗಿನ ಎರಡು ಹಲ್ಲು ಆಗಲೇ ಹೋದವು. ಮೊದಲು ಎರಡನೇ ಬೂತಿನ ಗಾಜು ಒಡೆದು ಅಲ್ಲಿನ ಫೋನನ್ನು ವೈರ್ ಸಮೇತ ಕಿತ್ತನು. ಆಮೇಲೆ ಒಂದನೇ ಬೂತಿಗೆ ನುಗ್ಗಿ ರಿಸೀವರ್ ಇಡು ಎಂದು ಕಾಜಾಳಿಗೆ ಹೇಳಿದನು. ಅವಳು ಇಡಲಿಲ್ಲ. ರಿಸೀವರ್ ಹಿಡಿದಿದ್ದ ಕೈಯ ಮಣಿಕಟ್ಟಿಗೆ ಸಲಾಕೆಯಿಂದ ಹೊಡೆದನು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅವಳು ಕಿರುಚಲಿಲ್ಲ. ಕಿರುಚಿದರೆ ಮಂಚದ ಕೆಳಗಿನ ರಿಸೀವರಿನಲ್ಲಿ ಕೇಳಿಸುತ್ತದೆ ಎಂದು ಆಮೇಲೆ ನನಗೆ ಹೇಳಿದಳು. ರಿಸೀವರನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನೆಲಕ್ಕೆ ಕುಸಿದು ಅದರ ಮೇಲೆ ಬೋರಲು ಮಲಗಿದಳು. ಅವನು ಅವಳ ಬೆನ್ನಿಗೆ ಒದೆಯುತ್ತ, ಜೇಬಿನಿಂದ ಮೊಬೈಲ್ ತೆಗೆದು ಕಿವಿಗಿಟ್ಟುಕೊಂಡು, "ಏ ತಮ್ಮಾ, ಇಲ್ಲೇ ಇದಾಳೆ ಕಣೋ. ಲೈನು ಇನ್ನೂ" ಎಂದನು.

ಅಷ್ಟರಲ್ಲಿ ನಾನು ಶಟರ್ ಎಳೆಯುವ ಕೊಕ್ಕೆಯ ಕಬ್ಬಿಣದ ಕಂಬಿಯಿಂದ ಅವನ ಕೈಗೆ ಹೊಡೆದೆ. ಮೊಬೈಲ್ ಹಾರಿ ಬಿತ್ತು. ಅವನು ಸಲಾಕೆ ಎತ್ತಿ ನನ್ನ ಕಡೆ ತಿರುಗಿದಾಗ ಎರಡನೇ ಏಟು ಕಿವಿಯ ಮೇಲೆ ಹಾಕಿದೆ. ಅವನು ಮಂಡಿಯೂರಿ ಕುಳಿತನು, ಸಲಾಕೆ ಕೈಬಿಟ್ಟಿತು. ಮೂರನೇ ಏಟು ತಲೆಯ ಹಿಂಭಾಗಕ್ಕೆ ಹಾಕಿದೆ. ಇದನ್ನು ಬರೆದುಕೊಳ್ಳುತ್ತಿರುವವರು, ಆಗಲೂ ಅವನು ಸಲಾಕೆಗೆ ಕೈ ಚಾಚುತ್ತಿದ್ದನಲ್ಲವೇ, ಹಾಗೆಂದು ಬರೆಯಲೇ ಎಂದು ಕೇಳಿದರು. ಇಲ್ಲ, ಅವನು ಚಾಚುತ್ತಿರಲಿಲ್ಲ. ಎರಡು ಏಟಿಗೆ ಕೆಲಸ ಮುಗಿದಿತ್ತು. ಮೂರನೆಯದನ್ನು ಸಿಟ್ಟಿನಿಂದ ಹೊಡೆದೆ. ಹಾಗೆಯೇ ಬರೆಯಬೇಕೆಂದು ಕೋರುತ್ತೇನೆ. ಅವನು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿಲ್ಲ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಆಗ 2.34. ನಾನೂ ಕಾಜಾಳ ಪಕ್ಕ ನೆಲದ ಮೇಲೆ ಕುಳಿತು ರಿಸೀವರಿಗೆ ಕಿವಿಕೊಟ್ಟೆ. ಆ ಕಡೆ ಗಂಡನು, ಅಣ್ಣಾ, ಅಣ್ಣಾ, ಯಾವ ಲೈನು ಎಂದು ಕೂಗುತ್ತಿದ್ದನು. ಆಮೇಲೆ ಮಂಚ ಎಳೆದ ಶಬ್ದ ಬಂತು. ಆಮೇಲೆ ಅವನ ಉಸಿರು ತೀರ ಹತ್ತಿರದಲ್ಲಿ ಕೇಳಿಸಿತು. "ಅಲ್ಲಿಂದ್ಲೇ ಎಲ್ಲಾ ಕೇಳಿಸ್ಕೊಂಡ್ಯಾ?" ಎಂದು ಕೇಳಿದನು.

ಅವನು ಫೋನ್ ಇಟ್ಟರೆ ಅವನ ಎರಡೂ ಕೈಗೆ ಬಿಡುವಾಗುತ್ತದೆ ಎಂದು ನನಗೆ ಹೊಳೆಯುವ ಮೊದಲೇ ಕಾಜಾಳಿಗೆ ಹೊಳೆದಿತ್ತು. ಅವಳು ಅವನನ್ನು ಬೈಯಲು ಶುರುಮಾಡಿದಳು. ಆ ಬೈಗುಳಗಳನ್ನು ಇಲ್ಲಿ ಬರೆಸಲಾರೆ. ಅವನ ಹುಟ್ಟು, ಅವನ ಗಂಡಸುತನ, ಮದುವೆಯ ದಿನ ಅವನು ತೊಟ್ಟಿದ್ದ ಬಾಡಿಗೆ ಕೋಟು, ಒಂದನ್ನೂ ಬಿಡಲಿಲ್ಲ. ಅವನೂ ಬೈದನು. ಇವಳು ಕೆಣಕುತ್ತಲೇ ಹೋದಳು, ಅವನು ಉತ್ತರ ಕೊಡುತ್ತಲೇ ಹೋದನು. ಮುರಿದ ಕೈ ಮಡಿಲಲ್ಲಿ ಊದಿಕೊಳ್ಳುತ್ತಿತ್ತು. ಹೀಗೆ ಸುಮಾರು ನಾಲ್ಕು ನಿಮಿಷ ಅವನನ್ನು ಮಾತಿನಲ್ಲಿ ಕಟ್ಟಿಹಾಕಿದಳು.

2.38ಕ್ಕೆ ಆ ಕಡೆ ಬಾಗಿಲು ಒಡೆದ ಶಬ್ದ ಬಂತು. ಹಲವರು ಒಟ್ಟಿಗೆ ಕೂಗಿದರು. ರಿಸೀವರ್ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹೆಂಗಸು ಅದನ್ನು ಎತ್ತಿ ಏನೋ ಕೇಳಿದಳು. ನಮಗೆ ಅರ್ಥವಾಗಲಿಲ್ಲ. ಬದುಕಿದ್ದಾಳಾ, ಬದುಕಿದ್ದಾಳಾ ಎಂದು ಕಾಜಾ ನಮ್ಮ ಭಾಷೆಯಲ್ಲೇ ಕೇಳುತ್ತಿದ್ದಳು. 2.41ಕ್ಕೆ ನನ್ನ ಮೇಜಿನ ಫೋನ್ ರಿಂಗಾಯಿತು. ಬಸ್ಸಿನವನು. ಪ್ರಯಾಣಿಕರು ಇನ್ನೂ ಬಸ್ಸಿನಲ್ಲೇ ಕುಳಿತಿದ್ದಾರೆ, ಕಂಟ್ರೋಲ್ ರೂಮಿನಿಂದ ಸುದ್ದಿ ಬಂತು, ಉಸಿರಾಡುತ್ತಿದ್ದಾಳೆ, ಆಂಬುಲೆನ್ಸಿಗೆ ಹಾಕಿದರು, ಅವನ ಕೈಗೆ ಕೋಳ ಹಾಕಿದರು ಎಂದನು. ನಾನು ಅದನ್ನು ಕಾಜಾಳಿಗೆ ಕೂಗಿ ಹೇಳಿದೆ. ಅವಳು ಆಗ ಕಿರುಚಿದಳು. ಇಲ್ಲಿನ ಪೊಲೀಸರು ಬಂದದ್ದು 2.46ಕ್ಕೆ.

ನಿನ್ನೆ ಬುಧವಾರ ಸಂಜೆ 4.20ಕ್ಕೆ ಅಲ್ಲಿನ ಆಸ್ಪತ್ರೆಯಿಂದ ನನ್ನ ಮೇಜಿನ ಫೋನಿಗೆ ಕರೆ ಬಂತು. ಬಸ್ಸಿನವನೇ ಅಲ್ಲಿಗೆ ಹೋಗಿ ಮಾಡಿಸಿದ್ದನು. ತಂಗಿಯ ದವಡೆ ಎರಡು ಕಡೆ ಮುರಿದು, ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದಾರೆ, ಆರು ವಾರ ಮಾತಾಡುವಂತಿಲ್ಲ, ಬಲಗಣ್ಣಿನ ವಿಷಯ ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲ ಎಂದು ತಿಳಿಸಿ, ಫೋನನ್ನು ಅವಳ ಕಿವಿಗೆ ಹಿಡಿದನು. ಕಾಜಾ ಕೈಗೆ ಬ್ಯಾಂಡೇಜ್ ಹಾಕಿಸಿಕೊಂಡು ನನ್ನ ಮನೆಯಲ್ಲೇ ಇದ್ದಳು. ರಿಸೀವರನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, "ಹುಟ್ಟಿದಾಗಿಂದ ನನ್ ಬಾಯಿಗೆ ಒಂದ್ ಮಾತಿಗೂ ಜಾಗ ಬಿಟ್ಟಿಲ್ಲ ಕಣೇ ನೀನು. ಇನ್ನು ಆರು ವಾರ ನಂದೇ ರಾಜ್ಯ" ಎಂದಳು. ಆ ಕಡೆಯಿಂದ ಹಲ್ಲುಗಳ ಸಂದಿಯಲ್ಲಿ ಗಾಳಿ ನುಗ್ಗುವ ಶಬ್ದ ಬಂತು, ನಿಂತು ನಿಂತು ಬಂತು. ಕೂಡಲೇ ಯಾರೋ ಗದರಿದರು, ಬಸ್ಸಿನವನು ಕಾಜಾಳಿಗೆ ಅವಸರದಲ್ಲಿ ಏನೋ ಹೇಳಿದನು, ಫೋನ್ ಕಿತ್ತುಕೊಂಡರು, ಲೈನು ಹೋಯಿತು. ನಾನು ಗಾಬರಿಯಾಗಿ ಏನಾಯಿತು ಎಂದು ಕೇಳಿದೆ. ಕಾಜಾ ಕಣ್ಣೊರೆಸಿಕೊಂಡು, "ನರ್ಸು ಬೈದ್ಳು ಅಕ್ಕಾ. ನಗಬಾರ್ದಂತೆ" ಎಂದು ಹೇಳಿದಳು.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು ಇಷ್ಟೇ. ಇದರಲ್ಲಿ ಬಿಟ್ಟದ್ದಿಲ್ಲ, ಸೇರಿಸಿದ್ದಿಲ್ಲ, ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ, ಎರಡನೇ ಕೊಠಡಿ
ದಿನಾಂಕ: ಇದೇ ತಿಂಗಳ 11, ಗುರುವಾರ, ಬೆಳಗ್ಗೆ 11.35
(ಸಹಿ) ಹೇಳಿಕೆ ಕೊಟ್ಟವಳು